ಕೆಲಸಕ್ಕೆ ಬೇಕಾದಷ್ಟು ಭಾಷೆ: ಎಷ್ಟು ಕಲಿಯಬೇಕು, ಹೇಗೆ ಕಲಿಯಬೇಕು

ಯಾವ ಭಾಷೆ ಕಲಿತರೆ ಒಳ್ಳೆಯ ಕೆಲಸ ಸಿಗುತ್ತದೆ ಎಂದು ಹುಡುಕುವ ಮೊದಲು, ಆ ಭಾಷೆಯಲ್ಲಿ ನೀವು ದಿನವಿಡೀ ಏನು ಮಾಡಬೇಕಾಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗ್ರಾಹಕರ ಫೋನ್ ಎತ್ತಬೇಕೆ, ತಾಂತ್ರಿಕ ಕೈಪಿಡಿ ಓದಬೇಕೆ, ಮೀಟಿಂಗಿನಲ್ಲಿ ಕೂತು ವಾದ ಮಾಡಬೇಕೆ? ಕೈಪಿಡಿ ಓದುವವರು ಉಚ್ಚಾರಣೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಫೋನ್ ಎತ್ತುವವರಿಗೆ ಕೇಳಿ ಅರ್ಥ ಮಾಡಿಕೊಳ್ಳುವುದೇ ಮುಕ್ಕಾಲು ಕೆಲಸ. ಈ ಲೆಕ್ಕವಿಲ್ಲದೆ ಕೋರ್ಸಿಗೆ ಸೇರಿದವರು ಬಣ್ಣಗಳ ಹೆಸರು, ಹಣ್ಣುಗಳ ಹೆಸರು ಕಲಿತು ಅಲ್ಲಿಗೇ ಬಿಡುವುದು ಹೆಚ್ಚು.

ಆಮೇಲೆ ಮಟ್ಟ ಗೊತ್ತು ಮಾಡಿ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮೆಟ್ಟಿಲಿನ ಅಳತೆಯನ್ನೇ ಬಹಳ ಕಡೆ ಬಳಸುತ್ತಾರೆ. ಎ2 ಅಂದರೆ ಪ್ರವಾಸಿಗೆ ಸಾಕಾಗುವಷ್ಟು. ನಿಮ್ಮ ಕ್ಷೇತ್ರದ ಚರ್ಚೆಯಲ್ಲಿ ಪಾಲ್ಗೊಳ್ಳಲು ಬಿ2 ಬೇಕು. ವರದಿ ಬರೆಯಲು, ಒಪ್ಪಂದದ ಮಾತುಕತೆಗೆ ಸಿ1. ಜರ್ಮನಿಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ವೈದ್ಯರಿಗೆ ಅದರ ಮೇಲೆ ಸಿ1 ಮಟ್ಟದ ಪ್ರತ್ಯೇಕ ವೈದ್ಯಕೀಯ ಭಾಷಾ ಪರೀಕ್ಷೆ ಇದೆ: ರೋಗಿಯೊಂದಿಗೆ ಮಾತು, ಆ ಮಾತಿನ ಆಧಾರದ ಮೇಲೆ ಟಿಪ್ಪಣಿ, ಸಹವೈದ್ಯರಿಗೆ ವಿವರಣೆ. ನಿಮ್ಮ ಉದ್ಯೋಗಕ್ಕೆ ಇಂಥ ಪರೀಕ್ಷೆ ಇರಲಿ ಇಲ್ಲದಿರಲಿ, ತಯಾರಿಯ ಮಾದರಿಯಾಗಿ ಇದನ್ನೇ ಇಟ್ಟುಕೊಳ್ಳಬಹುದು. ಒಂದೇ ವಿಷಯವನ್ನು ಹೊರಗಿನವರಿಗೆ ಬಾಯಲ್ಲಿ ಹೇಳುವುದು, ಬರೆಯುವುದು, ಸಹೋದ್ಯೋಗಿಗೆ ವಿವರಿಸುವುದು.

ಸಮಯದ ಅಂದಾಜು ಹೀಗಿದೆ. ಇಂಗ್ಲಿಷ್ ಮಾತೃಭಾಷೆಯ ತನ್ನ ಸಿಬ್ಬಂದಿ ಕೆಲಸಕ್ಕೆ ಬೇಕಾದ ಹಿಡಿತ ಪಡೆಯಲು ಸ್ಪ್ಯಾನಿಷ್, ಫ್ರೆಂಚ್‌ಗೆ 600ರಿಂದ 750 ತರಗತಿ ಗಂಟೆ, ಅರಬ್ಬಿ, ಚೀನೀ, ಜಪಾನಿ, ಕೊರಿಯನ್‌ಗೆ ಸುಮಾರು 2,200 ಗಂಟೆ ಬೇಕು ಎಂಬುದು ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಲೆಕ್ಕ. ದಿನಕ್ಕೊಂದು ಗಂಟೆಯಂತೆ ಫ್ರೆಂಚ್‌ಗೆ ಸುಮಾರು ಎರಡು ವರ್ಷ, ಜಪಾನಿಗೆ ಆರು ವರ್ಷ. ಕನ್ನಡಿಗರಿಗೆ ಈ ಎರಡನೆಯ ಅಂಕಿಯಲ್ಲಿ ಸ್ವಲ್ಪ ರಿಯಾಯಿತಿ ಉಂಟು ಎನ್ನಬಹುದು. ಜಪಾನಿ, ಕೊರಿಯನ್ ವಾಕ್ಯಗಳಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಹಿಂದೆಯೇ ಅಂಟುತ್ತವೆ. ಹಾಗಾಗಿ ಪಾಠವನ್ನು ಇಂಗ್ಲಿಷ್ ಮೂಲಕ ಓದಿದರೂ ಉದಾಹರಣೆ ವಾಕ್ಯಗಳನ್ನು ಕನ್ನಡಕ್ಕೆ ಹೊಂದಿಸಿ ನೋಡಿ, ಕೆಲಸ ಹಗುರಾಗುತ್ತದೆ. ಜಪಾನಿಯಲ್ಲಿ ಬಳಸುವ ಚೀನೀ ಮೂಲದ ಕಾಂಜಿ ಲಿಪಿಯ ವಿಷಯದಲ್ಲಿ ಮಾತ್ರ ಕನ್ನಡಿಗರಿಗೆ ರಿಯಾಯಿತಿ ಇಲ್ಲ.

ದಿನದ 45 ನಿಮಿಷವನ್ನು ಹೀಗೆ ಹಂಚಿ: ಪದ ನೆನಪಿಡುವ ಫ್ಲ್ಯಾಶ್ ಕಾರ್ಡ್‌ಗಳಿಗೆ 15, ಕೇಳುವುದಕ್ಕೆ 15, ಮಾತು ಅಥವಾ ಬರವಣಿಗೆಗೆ 15. ಆಂಕಿ (Anki) ಎಂಬಂಥ ಕಾರ್ಡ್ ಆ್ಯಪಿನಲ್ಲಿ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಹೊಸ ಕಾರ್ಡ್ ಬೇಡ. ಹಳೆಯವು ಮತ್ತೆ ಮತ್ತೆ ಮರಳಿ ಬರುವುದರಿಂದ ದಿನಕ್ಕೆ ಹತ್ತು ಹೊಸದು ಸೇರಿಸಿದರೂ ಕೆಲವೇ ವಾರಗಳಲ್ಲಿ ಪುನರಾವರ್ತನೆ ಎಪ್ಪತ್ತು ಎಂಬತ್ತಕ್ಕೆ ಏರುತ್ತದೆ. ಇಪ್ಪತ್ತೈದು ಸೇರಿಸಿದವರು ತಿಂಗಳೊಳಗೆ ರಾಶಿ ನೋಡಿಯೇ ಆ್ಯಪ್ ಮುಚ್ಚುತ್ತಾರೆ. ಕಾರ್ಡಿನಲ್ಲಿ ಒಂಟಿ ಪದ ಬೇಡ, ಚಿಕ್ಕ ವಾಕ್ಯ ಇರಲಿ. ಜರ್ಮನ್ ನಾಮಪದವಾದರೆ ಅದರ ಲಿಂಗ ತೋರಿಸುವ ಡೆರ್, ಡೀ, ದಾಸ್‌ಗಳಲ್ಲಿ ಯಾವುದೆಂಬುದನ್ನೂ ಜೊತೆಗೇ ಕಲಿಯಿರಿ. ಆಮೇಲೆ ಸೇರಿಸಿಕೊಳ್ಳೋಣ ಎಂದರೆ ಎಲ್ಲವನ್ನೂ ಎರಡು ಸಲ ಕಲಿತಂತೆ.

ಕೇಳುವ ಅಭ್ಯಾಸವನ್ನು ಹೆಚ್ಚಿನವರು ತಪ್ಪಾಗಿ ಮಾಡುತ್ತಾರೆ. ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ಪಾಡ್‌ಕಾಸ್ಟ್ ಓಡಿಸಿದರೆ ಕಿವಿ ರಾಗಕ್ಕೆ ಒಗ್ಗುತ್ತದೆ, ಪದಗಳಿಗಲ್ಲ. ಬರಹರೂಪವೂ ಸಿಗುವ ಒಂದು ನಿಮಿಷದ ಧ್ವನಿ ತೆಗೆದುಕೊಳ್ಳಿ. ಒಮ್ಮೆ ಸುಮ್ಮನೆ ಕೇಳಿ. ಎರಡನೆಯ ಸಲ ವಾಕ್ಯ ವಾಕ್ಯ ನಿಲ್ಲಿಸಿ, ಕೇಳಿದ್ದನ್ನು ಬರೆಯಿರಿ. ಬರಹದೊಂದಿಗೆ ಹೋಲಿಸಿ ತಪ್ಪುಗಳಿಗೆ ಗೆರೆ ಎಳೆಯಿರಿ. ಗೆರೆ ಬಿದ್ದ ಪದಗಳಲ್ಲಿ ಬಹುಪಾಲು ನಿಮಗೆ ಗೊತ್ತಿರುವ ಪದಗಳೇ ಆಗಿರುತ್ತವೆ. ವೇಗದ ಮಾತಿನಲ್ಲಿ ಅಕ್ಕಪಕ್ಕದ ಸದ್ದಿಗೆ ಅಂಟಿಕೊಂಡು ಗುರುತು ಸಿಕ್ಕಿರುವುದಿಲ್ಲ, ಅಷ್ಟೆ. ಕೊನೆಗೆ ಅದೇ ಧ್ವನಿಯ ಜೊತೆಜೊತೆಗೆ ನಾಲ್ಕೈದು ಸಲ ಗಟ್ಟಿಯಾಗಿ ಹೇಳಿ.

ಬಿ1 ಹತ್ತಿರ ಬಂದು ಸಿಕ್ಕಿಕೊಳ್ಳುವವರು ಬಹಳ. ಪಠ್ಯಪುಸ್ತಕ ಸಲೀಸು, ನಿಜವಾದ ಬರಹ ಕಬ್ಬಿಣದ ಕಡಲೆ. ಆಗ ಸಾಮಾನ್ಯ ಸುದ್ದಿ ಬಿಟ್ಟು ನಿಮ್ಮ ಉದ್ಯೋಗದ್ದೇ ಬರಹ ಹಿಡಿಯಿರಿ, ವಿಷಯ ಗೊತ್ತಿರುವುದರಿಂದ ಊಹೆ ಸುಲಭ. 250 ಪದಗಳ ಪುಟದಲ್ಲಿ ಗೊತ್ತಿಲ್ಲದ್ದು ಐದಾರಿದ್ದರೆ ಓದುತ್ತಾ ಹೋಗಬಹುದು. ಮೂವತ್ತಿದ್ದರೆ ಅದು ಓದಲ್ಲ, ನಿಘಂಟಿನ ಕೆಲಸ.

ಕಚೇರಿಯಲ್ಲಿ ಎಡವುವುದು ದೊಡ್ಡ ವ್ಯಾಕರಣದಿಂದಲ್ಲ, ಅಂಕಿಗಳಿಂದ. ಜರ್ಮನ್‌ನಲ್ಲಿ 'ಹಾಲ್ಬ್ ಆಖ್ಟ್' ಎಂದರೆ ಏಳೂವರೆ. ಅಕ್ಷರಶಃ 'ಅರ್ಧ ಎಂಟು' ಎಂದಿರುವುದರಿಂದ ಎಂಟೂವರೆ ಅಂದುಕೊಂಡವರು ಮೀಟಿಂಗಿಗೆ ಒಂದು ಗಂಟೆ ತಡ. ಅಲ್ಲಿ 1.500 ಎಂದು ಬರೆದರೆ ಸಾವಿರದ ಐನೂರು, 1,500 ಎಂದರೆ ಒಂದೂವರೆ. ಎರಡಂಕಿಯ ಸಂಖ್ಯೆಯಲ್ಲಿ ಬಿಡಿಯನ್ನು ಮೊದಲು, ಹತ್ತನ್ನು ಆಮೇಲೆ ಹೇಳುತ್ತಾರೆ, ಆದ್ದರಿಂದ ಫೋನಿನಲ್ಲಿ ಕೇಳಿದ 24, ಕಾಗದದಲ್ಲಿ 42 ಆಗುತ್ತದೆ. ಸಂಖ್ಯೆಗಳನ್ನು ಮಾತ್ರ ಕೇಳಿ ಬರೆಯುವ ಅಭ್ಯಾಸವನ್ನು ಎರಡು ವಾರ, ದಿನಕ್ಕೆ ಐದು ನಿಮಿಷ ಮಾಡಿ. ಕೆಲಸದಲ್ಲಿ ಗಂಟೆ, ಮೊತ್ತ, ತಾರೀಕು ಬಂದಾಗಲೆಲ್ಲ ಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ.

ಸಂಸ್ಕೃತಿ ಎಂಬುದನ್ನು ಹಬ್ಬ, ಉಡುಗೆಗಳಲ್ಲಿ ಹುಡುಕಬೇಡಿ. ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದರಲ್ಲಿ ನೋಡಿ. ನೀನು-ನೀವು ಬಳಸಿ ಬೆಳೆದವರಿಗೆ ಜರ್ಮನ್‌ನ ದು-ಸೀ, ಫ್ರೆಂಚ್‌ನ ತ್ಯು-ವು ಹೊಸದಲ್ಲ. ಆದರೆ ನೀವುನಿಂದ ನೀನುಗೆ ಇಳಿಯೋಣ ಎಂದು ಸಾಮಾನ್ಯವಾಗಿ ಹಿರಿಯರೋ ಮೇಲಿನ ಹುದ್ದೆಯವರೋ ಹೇಳಬೇಕು, ಅಲ್ಲಿಯವರೆಗೆ ಕಾಯಿರಿ. ಜಪಾನಿಯಲ್ಲಿ ನಮಗೆ ಇನ್ನೂ ವಿಚಿತ್ರವೆನಿಸುವ ನಿಯಮವಿದೆ: ಹೊರಗಿನ ಗ್ರಾಹಕರ ಮುಂದೆ ನಿಮ್ಮ ಬಾಸ್ ಹೆಸರಿಗೆ 'ಸಾನ್' ಸೇರಿಸಬಾರದು. ಕಂಪನಿಯೊಳಗೆ ಅವರು ಮೇಲಿನವರು, ಗ್ರಾಹಕರೆದುರು ನಿಮ್ಮವರು. ನಿಮ್ಮವರನ್ನು ತಗ್ಗಿಸಿ ಹೇಳುವುದೇ ಗ್ರಾಹಕರಿಗೆ ಕೊಡುವ ಮರ್ಯಾದೆ. ಇಂಥವು ಪಾಠದಲ್ಲಿ ಒಂದು ಸಾಲಾಗಿ ಬಂದು ಹೋಗುತ್ತವೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಏನು ಹೇಳಿದರು, ಯಾರ ಮುಂದೆ ಹೇಳಿದರು, ಆಮೇಲೆ ಏನಾಯಿತು. ಮೂರನೆಯ ಕಾಲಂ ತುಂಬುತ್ತಾ ಹೋದಂತೆ ಒಪ್ಪಿಗೆ ಯಾವುದು, ಮರ್ಯಾದೆಯಿಂದ ಹೇಳಿದ ನಿರಾಕರಣೆ ಯಾವುದು ಎಂಬುದು ತಿಳಿಯತೊಡಗುತ್ತದೆ.

ಇನ್ನು ಸರ್ಟಿಫಿಕೇಟ್. ಜಪಾನಿ ಭಾಷಾ ಪರೀಕ್ಷೆಯಾದ ಜೆಎಲ್‌ಪಿಟಿಯ ಯಾವ ಹಂತದಲ್ಲೂ ಮಾತಿನ ಪರೀಕ್ಷೆಯಿಲ್ಲ. ಅದರ ಐದು ಹಂತಗಳಲ್ಲಿ ಮೇಲಿನಿಂದ ಎರಡನೆಯದಾದ ಎನ್2 ಪಾಸಾಗಿಯೂ ಸಂದರ್ಶನದಲ್ಲಿ ಬಾಯಿ ಕಟ್ಟುವುದು ಇದರಿಂದಲೇ, ಮಾತಿನ ತಯಾರಿ ಬೇರೆಯೇ ಮಾಡಿಕೊಳ್ಳಿ. ಫ್ರೆಂಚ್‌ನ ಡೆಲ್ಫ್ ಪರೀಕ್ಷೆಯ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದಿಲ್ಲ, ಕೊರಿಯನ್‌ನ ಟೋಪಿಕ್ ಪರೀಕ್ಷೆಯ ಫಲಿತಾಂಶಕ್ಕೆ ಎರಡೇ ವರ್ಷ. ಹಾಗಾಗಿ ಟೋಪಿಕ್ ಅನ್ನು ಅರ್ಜಿ ಹಾಕುವ ಕಾಲಕ್ಕೆ ಹತ್ತಿರ ಬರೆಯಿರಿ. ರೆಸ್ಯೂಮೆಯಲ್ಲಿ 'ಫ್ರೆಂಚ್ ಬಲ್ಲೆ' ಎಂದರೆ ಏನೂ ಹೇಳಿದಂತಾಗುವುದಿಲ್ಲ. 'ಫ್ರೆಂಚ್ ಬಿ2, ಗ್ರಾಹಕರ ಮೇಲ್‌ಗಳಿಗೆ ಉತ್ತರಿಸಬಲ್ಲೆ' ಎಂದು ಬರೆಯಿರಿ. ಮುಂದಿನ ಪ್ರಶ್ನೆ ಆ ಮೇಲ್‌ಗಳ ಬಗ್ಗೆಯೇ ಆ ಭಾಷೆಯಲ್ಲೇ ಬರುವ ಸಾಧ್ಯತೆ ಹೆಚ್ಚು, ಎರಡು ನಿಮಿಷದ ಉತ್ತರವನ್ನು ಮೊದಲೇ ಗಟ್ಟಿಯಾಗಿ ಹೇಳಿ ರೆಕಾರ್ಡ್ ಮಾಡಿ ಕೇಳಿಸಿಕೊಂಡಿರಿ.