ಕಾರ್ಮೆನ್ ಧ್ವನಿಮುದ್ರಣಗಳನ್ನು ನಾನು ಹೋಲಿಸುವ ಬಗೆ

ಫ್ರೆಂಚ್ ಸಂಗೀತಕಾರ ಜಾರ್ಜ್ ಬಿಜೆಯ 'ಕಾರ್ಮೆನ್' ಎರಡೂವರೆ ಗಂಟೆ ದಾಟುವ ಆಪೆರಾ, ಅಂದರೆ ಹಾಡುತ್ತಾ ಆಡುವ ನಾಟಕ. ಅದರ ಪೂರ್ಣ ಧ್ವನಿಮುದ್ರಣಗಳನ್ನು ಮೊದಲಿಂದ ಕೊನೆಯವರೆಗೆ ಒಂದಾದ ಮೇಲೊಂದು ಕೇಳುತ್ತಾ ಹೋದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಹಾಗಾಗಿ ನಾನು ಕೆಲವು ಭಾಗಗಳನ್ನಷ್ಟೇ ಆರಿಸಿಕೊಳ್ಳುತ್ತೇನೆ. ಒಂದು ಸಲಕ್ಕೆ ಒಂದೇ ಅಂಶ ಬದಲಾಗುವಂತೆ ಅವುಗಳನ್ನು ಜೋಡಿ ಮಾಡಿ ಕೇಳುತ್ತೇನೆ. ಗಾಯಕರು, ವಾದ್ಯವೃಂದದ ನಿರ್ದೇಶಕ, ಪಾಠ (ಕೃತಿಯ ಯಾವ ರೂಪ ಎಂಬುದು), ಸ್ಟುಡಿಯೊ ಎಲ್ಲವೂ ಬೇರೆಯಾದ ಎರಡು ರೆಕಾರ್ಡಿಂಗ್‌ಗಳನ್ನು ಎದುರುಬದುರು ಇಟ್ಟರೆ ಹಿಡಿಸಿದ್ದು ಯಾವುದೆಂದು ಗೊತ್ತಾಗಬಹುದು, ಯಾಕೆ ಹಿಡಿಸಿತು ಎಂಬುದು ಗೊತ್ತಾಗುವುದಿಲ್ಲ.

ಮೊದಲು ಪಾಠ ಯಾವುದು ಎಂದು ನೋಡಬೇಕು. 1875ರ ಮಾರ್ಚ್ 3ರಂದು ಪ್ಯಾರಿಸ್‌ನ ಆಪೆರಾ-ಕೊಮಿಕ್‌ನಲ್ಲಿ ಮೊದಲ ಪ್ರದರ್ಶನವಾದಾಗ ಹಾಡುಗಳ ನಡುವೆ ಮಾತಿನ ಸಂಭಾಷಣೆ ಇತ್ತು. ಮೂರು ತಿಂಗಳಿಗೆ ಬಿಜೆ ತೀರಿಕೊಂಡ. ಅದೇ ವರ್ಷ ವಿಯೆನ್ನಾ ಪ್ರದರ್ಶನಕ್ಕೆಂದು ಅವನ ಗೆಳೆಯ ಅರ್ನೆಸ್ಟ್ ಗಿರೋ ಆ ಮಾತುಗಳ ಜಾಗದಲ್ಲಿ ಆರ್ಕೆಸ್ಟ್ರಾ ಸಹಿತ ಹಾಡುಮಾತುಗಳನ್ನು ಬರೆದು ಸೇರಿಸಿದ. ಮುಂದೆ ದಶಕಗಳ ಕಾಲ ಜಗತ್ತಿನ ದೊಡ್ಡ ರಂಗಮಂದಿರಗಳಲ್ಲಿ ನಡೆದದ್ದು ಹೆಚ್ಚಾಗಿ ಇದೇ ಪಾಠ. ನಿಮ್ಮ ಕೈಲಿರುವುದು ಯಾವುದೆಂದು ತಿಳಿಯಲು ಪೂರ್ತಿ ಕೇಳಬೇಕಿಲ್ಲ. ಮೊದಲ ಅಂಕದಲ್ಲಿ ಕಾರ್ಮೆನ್ ಮೊದಲು ಹಾಡುವ ಹಬನೇರಾ ಮುಗಿದು, ಅವಳು ಹೂ ಎಸೆದು ಹೋದ ಮೇಲೆ ಡಾನ್ ಜೋಸೆ ಒಬ್ಬನೇ ಉಳಿಯುತ್ತಾನೆ. ಅವಳಿಗೆ ಮರುಳಾಗಿ ಕೊನೆಗೆ ಅವಳನ್ನೇ ಕೊಲ್ಲುವ ಸಿಪಾಯಿ ಅವನು. ಅಲ್ಲಿ ಅವನು ಹಾಡುತ್ತಾ ಹಿಂದೆ ವಾದ್ಯಗಳು ನುಡಿದರೆ ಅದು ಗಿರೋ ಪಾಠ, ಬರಿಯ ಮಾತಾಡಿದರೆ ಮೂಲದ್ದು. ಮಾತಿನ ಪಾಠದಲ್ಲಿ ಜೋಸೆ ನವಾರ್‌ನಿಂದ ಬಂದವನು, ಆಟದ ಜಗಳವೊಂದರಿಂದಾಗಿ ಊರು ಬಿಟ್ಟವನು ಎಂಬುದು ತಿಳಿಯುತ್ತದೆ. ಗಿರೋ ಪಾಠದಲ್ಲಿ ಇದಿಲ್ಲ. ಜೋಸೆಯ ಸಿಟ್ಟು ಕೊನೆಯ ಅಂಕದಲ್ಲಿ ದಿಢೀರನೆ ಹುಟ್ಟಿದ್ದಲ್ಲ ಎಂಬುದಕ್ಕೆ ಆ ನಾಲ್ಕು ಮಾತು ಬೇಕು. ನನ್ನ ಒಲವು ಮಾತಿನ ಪಾಠದ ಕಡೆಗೇ.

1964ರಲ್ಲಿ ಫ್ರಿಟ್ಸ್ ಓಸರ್ ಸಂಪಾದಿಸಿದ ಸ್ವರಲಿಪಿ ಬಂದ ಮೇಲೆ ಇನ್ನೊಂದು ತೊಡಕು ಸೇರಿತು. ಹಸ್ತಪ್ರತಿಯಲ್ಲಿ ಸಿಕ್ಕಿದ್ದನ್ನೆಲ್ಲ, ಬಿಜೆಯೇ ಕೈಬಿಟ್ಟಿದ್ದನ್ನೂ ಸೇರಿಸಿ, ಓಸರ್ ಒಳಗೆ ತಂದ. ಇದನ್ನು ಪತ್ತೆ ಮಾಡಲು ಮೂರನೇ ಅಂಕದಲ್ಲಿ ಜೋಸೆ ಮತ್ತು ಗೂಳಿಕಾಳಗದ ವೀರ ಎಸ್ಕಮಿಲ್ಲೊ ಚೂರಿ ಹಿಡಿದು ಕಾದಾಡುವ ಭಾಗ ಸಾಕು. ಹಳೆಯ ಮುದ್ರಿತ ಪಾಠದಲ್ಲಿ ಅದು ಚುಟುಕಾಗಿ ಮುಗಿಯುತ್ತದೆ, ಓಸರ್ ಪಾಠದಲ್ಲಿ ಉದ್ದವಾಗಿದೆ. ಉದ್ದ ಹೆಚ್ಚಿದ್ದ ಮಾತ್ರಕ್ಕೆ ಪಾಠ ಹೆಚ್ಚು ಅಧಿಕೃತ ಎಂದು ತಿಳಿಯಬಾರದು.

ಇನ್ನು ಜೋಡಿಗಳು. ಈ ಆಪೆರಾದ ಅದೃಷ್ಟವೆಂದರೆ ಒಬ್ಬರೇ ಗಾಯಕರು ಒಂದೇ ಪಾತ್ರವನ್ನು ಎರಡೆರಡು ಸಲ ಸ್ಟುಡಿಯೊದಲ್ಲಿ ಹಾಡಿದ್ದಾರೆ. ನಿಕೊಲಾಯ್ ಗೆಡ್ಡಾ 1958-59ರಲ್ಲಿ ನಿರ್ದೇಶಕ ಥಾಮಸ್ ಬೀಚಮ್ ಜೊತೆ, ಕಾರ್ಮೆನ್ ಆಗಿದ್ದ ವಿಕ್ಟೋರಿಯಾ ದೆ ಲೋಸ್ ಆಂಖೆಲೆಸ್ ಎದುರು ಜೋಸೆ ಆದರು. 1964ರಲ್ಲಿ ಜಾರ್ಜ್ ಪ್ರೆತ್ರ್ ಜೊತೆ, ಮರಿಯಾ ಕಾಲಾಸ್ ಎದುರು ಮತ್ತೆ ಜೋಸೆ. ಎರಡೂ ಗಿರೋ ಪಾಠ, ಎರಡೂ ಪ್ಯಾರಿಸ್‌ನವು. ಪ್ಲಾಸಿಡೊ ಡೊಮಿಂಗೊ ಜೋಸೆಯಾಗಿ 1975ರಲ್ಲಿ ಶೋಲ್ಟಿ ಜೊತೆ, 1977ರಲ್ಲಿ ಅಬಾಡೊ ಜೊತೆ ಹಾಡಿದ್ದಾರೆ. ಎರಡೂ ಮಾತಿನ ಪಾಠ, ಲಂಡನ್ನಿನ ಎರಡು ಆರ್ಕೆಸ್ಟ್ರಾಗಳು. ಮಿರೆಲಾ ಫ್ರೆನಿ 1963ರ ಕಾರಾಯನ್ ಮುದ್ರಣದಲ್ಲೂ 1970ರ ಫ್ರೂಬೆಕ್ ದೆ ಬುರ್ಗೋಸ್ ಮುದ್ರಣದಲ್ಲೂ ಮಿಕಾಯೆಲಾ, ಅಂದರೆ ಜೋಸೆಯನ್ನು ಪ್ರೀತಿಸುವ ಅವನೂರಿನ ಹುಡುಗಿ. ಇನ್ನು ಕಾರಾಯನ್ ತಾವೇ ಎರಡು ಸಲ ನಿರ್ದೇಶಿಸಿದ್ದಾರೆ: 1963ರಲ್ಲಿ ವಿಯೆನ್ನಾದಲ್ಲಿ ಗಿರೋ ಪಾಠ, 1980ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಮಾತಿನ ಪಾಠ. ನಿರ್ದೇಶಕನ ಕೈವಾಡ ಏನು ಎಂದು ತಿಳಿಯಲು ಗಾಯಕ ಒಬ್ಬನೇ ಇರುವ ಜೋಡಿ ಬೇಕು. ಪಾಠದ ಪರಿಣಾಮ ತಿಳಿಯಲು ನಿರ್ದೇಶಕ ಒಬ್ಬನೇ ಇರುವ ಜೋಡಿ ಬೇಕು.

ಎರಡನ್ನೂ ಒಂದೇ ಮಟ್ಟದ ಸದ್ದಿನಲ್ಲಿ ಕೇಳದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಒಂದು ಡೆಸಿಬೆಲ್ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಹೆಚ್ಚು ಜೀವಂತ, ಹೆಚ್ಚು ಸ್ಪಷ್ಟ ಎಂದು ತೀರ್ಪು ಕೊಟ್ಟುಬಿಡುತ್ತದೆ. ನಾನು ಸಿ.ಡಿ.ಯಿಂದ ಎಂಪಿ3 ಮಾಡದೆ, ಸದ್ದಿನ ಗುಣ ಕೆಡದ ವೇವ್ ಅಥವಾ ಫ್ಲ್ಯಾಕ್ ಕಡತವಾಗಿ ತೆಗೆದು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆಯುತ್ತೇನೆ. ಪ್ರತಿ ತುಣುಕನ್ನೂ ಬೇರೆ ಬೇರೆಯಾಗಿ ನಾರ್ಮಲೈಸ್ ಮಾಡುವುದು, ಅಂದರೆ ಒಂದೇ ಸದ್ದಿನ ಮಟ್ಟಕ್ಕೆ ತರುವುದು ತಪ್ಪು. ಒಬ್ಬ ಗಾಯಕ ಮೆಲ್ಲಗೆ ಹಾಡಿದ್ದನ್ನು ತಂತ್ರಾಂಶ ಎತ್ತಿಬಿಡುತ್ತದೆ, ಕೂಗಿದ್ದನ್ನು ತಗ್ಗಿಸುತ್ತದೆ. ನಾವು ಅಳೆಯಬೇಕಾದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಬದಲಿಗೆ ಪೀಠಿಕಾ ವಾದನದ ಮೊದಲ ಒಂದು ನಿಮಿಷದ ಸರಾಸರಿ ಸದ್ದನ್ನು ಎರಡರಲ್ಲೂ ಅಳೆಯಿರಿ. ವ್ಯತ್ಯಾಸ ಮೂರು ಡೆಸಿಬೆಲ್ ಎಂದು ಬಂದರೆ ಜೋರಾಗಿರುವ ಮುದ್ರಣದ ಎಲ್ಲ ತುಣುಕುಗಳನ್ನೂ ಅಷ್ಟೇ ಇಳಿಸಿ. ಮೆಲ್ಲಗಿರುವುದನ್ನು ಏರಿಸಲು ಹೋದರೆ ತಾರಕದ ಸ್ವರಗಳು ಒಡೆಯುತ್ತವೆ. ಅರ್ಧ ಡೆಸಿಬೆಲ್ ಒಳಗೆ ಬಂದರೆ ಸಾಕು. 1950ರಲ್ಲಿ ಕ್ಲೂಟೆನ್ಸ್ ನಿರ್ದೇಶಿಸಿದ ಮುದ್ರಣ ಮೋನೊ (ಒಂದೇ ವಾಹಿನಿಯದು) ಆಗಿರುವುದರಿಂದ ಅದನ್ನು ಹೋಲಿಸುವಾಗ ಇನ್ನೊಂದನ್ನೂ ಮೋನೊ ಮಾಡಿಕೊಳ್ಳುತ್ತೇನೆ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕೇಳುವವರು ಸದ್ದು ಸಮಗೊಳಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಅಲ್ಲಿ ಕಾಣುವ ಇಸವಿ ಬಹಳ ಸಲ ಮರುಬಿಡುಗಡೆಯದ್ದು. ಹೊಸ ಮುಖಪುಟ ನೋಡಿ ಬೇರೆ ರೆಕಾರ್ಡಿಂಗ್ ಎಂದುಕೊಂಡು ಒಂದನ್ನೇ ಎರಡು ಸಲ ಹೋಲಿಸುವ ಅಪಾಯ ಇದೆ. ನಿರ್ದೇಶಕ ಮತ್ತು ಮುಖ್ಯ ಗಾಯಕಿಯ ಹೆಸರನ್ನು ಸೇರಿಸಿ ಹುಡುಕಿ.

ಶ್ರುತಿಯನ್ನೂ ನೋಡಿಬಿಡಿ. ಮೊಬೈಲಿನ ಟ್ಯೂನರ್ ಸಾಕು. 440ರ ಬದಲು 443 ಹರ್ಟ್ಸ್‌ಗೆ ಕೂಡಿಸಿದ ಆರ್ಕೆಸ್ಟ್ರಾ ಸುಮಾರು 12 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಮೇಲಿರುತ್ತದೆ, ಸ್ವಲ್ಪ ಹೊಳಪಾಗಿ ಕೇಳುತ್ತದೆ. ಅದು ಸಹಜ. ವ್ಯತ್ಯಾಸ ಅರ್ಧ ಸ್ವರದ ಹತ್ತಿರ ಬಂದರೆ ಎಲ್.ಪಿ. ತಿರುಗಿದ ವೇಗದಲ್ಲೇ ದೋಷವಿದೆ. ಆ ಪ್ರತಿಯಿಂದ ಗಾಯಕರ ಕಂಠದ ಬಗ್ಗೆ ಏನೂ ಹೇಳುವಂತಿಲ್ಲ.

ಕಾಲಪ್ರಮಾಣಕ್ಕೆ ಹಬನೇರಾ ಒಳ್ಳೆಯ ಅಳತೆಗೋಲು. ಸ್ವರಲಿಪಿಯಲ್ಲಿ ನಿಮಿಷಕ್ಕೆ 72 ಎಣಿಕೆ ಎಂದಿದೆ, ಆವರ್ತಕ್ಕೆ ಎರಡು ಎಣಿಕೆ. ಚೆಲ್ಲೊಗಳ ತಗ್ಗಿನ ಲಯ ಶುರುವಾದ ಕೂಡಲೇ ಸ್ಟಾಪ್‌ವಾಚ್ ಒತ್ತಿ 20 ಆವರ್ತ ಎಣಿಸಿ. 33 ಸೆಕೆಂಡ್ ಬಂದರೆ ಬಿಜೆ ಹೇಳಿದ ವೇಗ. 40 ಸೆಕೆಂಡ್ ಬಂದರೆ ಅದು 60ಕ್ಕೆ ಇಳಿದಿದೆ ಎಂದರ್ಥ. ಪಲ್ಲವಿಯ ಕೊನೆಯಲ್ಲಿ ಗಾಯಕಿ ಸ್ವರ ಹಿಡಿದು ನಿಲ್ಲುತ್ತಾಳೆ, ಅಲ್ಲಿ ಎಣಿಸಬೇಡಿ. 1972ರ ಬರ್ನ್‌ಸ್ಟೈನ್ ಮುದ್ರಣದ ಹಬನೇರಾ ನಿಧಾನಕ್ಕೆ ಹೆಸರಾದದ್ದು. ಮರಿಲಿನ್ ಹಾರ್ನ್ ಅವರ ಉಸಿರಿನ ಶಕ್ತಿ ಇಲ್ಲದ ಗಾಯಕಿಗೆ ಅದು ಭಾರವಾಗುತ್ತಿತ್ತು. ನನಗೆ ಆ ವೇಗದಲ್ಲಿ ನೃತ್ಯ ಕಾಣೆಯಾಗುತ್ತದೆ.

ಉಚ್ಚಾರಣೆಗೂ ಇದೇ ಹಾಡು. 'ಸಿ ತು ನ ಮೆಮ್ ಪಾ' (ನೀನು ನನ್ನನ್ನು ಪ್ರೀತಿಸದಿದ್ದರೆ) ಎಂಬಲ್ಲಿ 'ತು' ಕೇಳಿ. ತುಟಿ ಉಕಾರದಂತೆ ದುಂಡಗೆ, ನಾಲಿಗೆ ಇಕಾರದಂತೆ ಮುಂದೆ. ಕನ್ನಡದಲ್ಲಿ ಈ ಸ್ವರ ಇಲ್ಲವಾದ್ದರಿಂದ ನಮ್ಮ ಕಿವಿ ಸುಲಭವಾಗಿ ಬಿಟ್ಟುಬಿಡುತ್ತದೆ. ಫ್ರೆಂಚ್ ಬಾರದ ಗಾಯಕರು ನೇರ ಉಕಾರ ಹಾಡಿಬಿಡುತ್ತಾರೆ. ಕ್ಲೂಟೆನ್ಸ್ ಮುದ್ರಣದ ಸೋಲಾಂಜ್ ಮಿಶೆಲ್ ಅವರನ್ನು ಮೊದಲು ಕೇಳಿ ಕಿವಿ ಕೂಡಿಸಿಕೊಂಡರೆ ಉಳಿದವರ ಅಳತೆ ಸಿಗುತ್ತದೆ. ಆ ಮುದ್ರಣ ಆಪೆರಾ-ಕೊಮಿಕ್‌ನ ತಂಡದ್ದೇ, ಮಾತುಗಳೂ ಮಾತಿನಂತೆಯೇ ಇವೆ. ಕಾರಾಯನ್ ಎರಡನೇ ಮುದ್ರಣದಲ್ಲಿ ಮಾತನ್ನು ನಟರಿಂದ ಆಡಿಸಿದ್ದಾರೆ. ಹಾಡಿನಿಂದ ಮಾತಿಗೆ ದಾಟುವಾಗ ಕಂಠವೇ ಬದಲಾಗಿ ಪಾತ್ರ ಎರಡಾಗುತ್ತದೆ. ಅಲ್ಲಿ ಕಾರ್ಮೆನ್ ಆಗಿರುವ ಆಗ್ನೆಸ್ ಬಾಲ್ಟ್ಸಾ ಅವರ ಹಾಡು ಅಷ್ಟು ಚೂಪಾಗಿರುವುದರಿಂದ ಈ ಬಿರುಕು ಇನ್ನೂ ನೋಯಿಸುತ್ತದೆ.

ಆದರೆ ನಾನು ಅತಿ ಹೆಚ್ಚು ಹೊತ್ತು ಕೂರುವುದು ಎರಡನೇ ಅಂಕದ ಹೂವಿನ ಹಾಡಿನ ಮುಂದೆ. ಓಬೊ ಜಾತಿಯ ಊದುವ ವಾದ್ಯ ಕೋರ್ ಆಂಗ್ಲೆ, ವಿಧಿಯನ್ನು ಸೂಚಿಸುವ ಸ್ವರಗುಚ್ಛವನ್ನು ನುಡಿಸಿದ ಮೇಲೆ ಜೋಸೆ ಶುರು ಮಾಡುತ್ತಾನೆ. ಹಾಡಿನ ಕೊನೆಗೆ ದನಿ ಮೆಟ್ಟಿಲೇರುವಂತೆ ತಾರದ ಬಿ ಫ್ಲ್ಯಾಟ್‌ಗೆ ಹತ್ತುತ್ತದೆ. ಅಲ್ಲಿ ಬಿಜೆ ಬರೆದಿರುವುದು ಅತಿ ಮೆಲ್ಲಗೆ ಎಂದು. ನಾನು ನಿನ್ನ ವಸ್ತುವಾಗಿಬಿಟ್ಟೆ ಎನ್ನುವವನ ದನಿ ಕುಗ್ಗಬೇಕು. ಟೆನರ್‌ಗಳಿಗೆ (ಎತ್ತರದ ಗಂಡು ಕಂಠದ ಗಾಯಕರಿಗೆ) ಆ ಎತ್ತರದಲ್ಲಿ ತುಂಬುದನಿ ಬಿಡುವುದು ಸುಲಭ, ದನಿಯನ್ನು ಬಿಗಿಹಿಡಿದು ತೆಳುವಾಗಿಸುವುದು ಕಷ್ಟ. 1963ರ ಕಾರಾಯನ್ ಮುದ್ರಣದಲ್ಲಿ ಫ್ರಾಂಕೊ ಕೊರೆಲ್ಲಿ ಅದನ್ನು ಪೂರ್ತಿ ಗಂಟಲಲ್ಲಿ ಬಿಡುತ್ತಾರೆ. ಕಂಠ ಅದ್ಭುತ, ಪಾತ್ರ ಗೆದ್ದವನದಾಗುತ್ತದೆ. 2012ರ ರ್‍ಯಾಟಲ್ ಮುದ್ರಣದ ಯೋನಾಸ್ ಕೌಫ್‌ಮನ್ ಬರೆದಂತೆ ಮೆಲ್ಲಗೆ ಹಾಡುತ್ತಾರೆ. ಈ ಎರಡು ತುಣುಕುಗಳನ್ನು ಬೆನ್ನಿಗೆ ಬೆನ್ನು ಕೇಳಿ. ಜೋಸೆ ಎಂದರೆ ಎರಡು ಬೇರೆ ಮನುಷ್ಯರು. ಆ ಸ್ವರ ಮುಗಿದ ಮೇಲೂ ನಿಲ್ಲಿಸಬೇಡಿ. ಕೊನೆಯ 'ಜ ತೆಮ್' (ನಿನ್ನನ್ನು ಪ್ರೀತಿಸುತ್ತೇನೆ) ಹತ್ತಿರ ವಾದ್ಯಗಳ ಸ್ವರಮೇಳ ಎಲ್ಲಿಗೋ ಸರಿದು ಮರಳಿ ಡಿ ಫ್ಲ್ಯಾಟ್‌ಗೆ ಬರುತ್ತದೆ. ಗಾಯಕ ಕೂಗಿದ್ದರೆ ಇದು ಕಿವಿಗೆ ಬೀಳುವುದೇ ಇಲ್ಲ.

ಮೂರನೇ ಅಂಕದ ಇಸ್ಪೀಟಿನ ದೃಶ್ಯದಲ್ಲಿ ಕಾರ್ಮೆನ್ ತನ್ನ ಸಾವನ್ನು ಓದುವ ಭಾಗಕ್ಕೆ ಸರಳವಾಗಿ, ಸಮನಾಗಿ ಎಂಬ ಸೂಚನೆ ಇದೆ. ಮಂದ್ರದಲ್ಲಿ ಎದೆಯ ದನಿ ಒತ್ತಿ ಭಯ ತೋರಿಸುವವರೇ ಹೆಚ್ಚು. ಅಬಾಡೊ ಮುದ್ರಣದಲ್ಲಿ ತೆರೆಸಾ ಬೆರ್ಗಾನ್ಸಾ ಒತ್ತುವುದಿಲ್ಲ, ಸಾಲು ಸಾಲಾಗಿ ಹೇಳುತ್ತಾ ಹೋಗುತ್ತಾರೆ. ಕಾಲಾಸ್ ಈ ಪಾತ್ರವನ್ನು ರಂಗದ ಮೇಲೆ ಎಂದೂ ಹಾಡಲಿಲ್ಲ, ಆದರೂ ಈ ಭಾಗದಲ್ಲಿ ಒಂದೊಂದು ಪದಕ್ಕೂ ಅವರು ಕೊಡುವ ಬಣ್ಣ ಬೇರೆಯೇ. ಇಲ್ಲಿ ನಾನು ಇಬ್ಬರಲ್ಲಿ ಒಬ್ಬರನ್ನು ಆರಿಸಲಾರೆ.

ಕೊನೆಯ ದೃಶ್ಯದಲ್ಲಿ ಎರಡು ಕಡೆ ಗಮನವಿಡುತ್ತೇನೆ. ಒಳಗಿನ ಗೂಳಿಕಾಳಗದ ಜನಸ್ತೋಮ ದೂರದಲ್ಲಿದ್ದೂ ಪದ ಕೇಳುವಷ್ಟು ಸ್ಪಷ್ಟವಾಗಿರಬೇಕು. ತೀರಾ ಹತ್ತಿರವಾದರೆ ಜೋಸೆಯ ಬೇಡಿಕೆ ಮುಳುಗುತ್ತದೆ. ಇನ್ನೊಂದು, ಕಾರ್ಮೆನ್ ಉಂಗುರ ಎಸೆಯುವಾಗ ಹೇಳುವ 'ತಿಯಾಂ' (ತಗೋ) ಎಂಬ ಒಂದೇ ಪದ. ಕೆಲವರು ಹಾಡುತ್ತಾರೆ, ಕೆಲವರು ಕಿರುಚುತ್ತಾರೆ. ಕಿರುಚಿದ ಕೂಡಲೇ ಕಾರ್ಮೆನ್ ಹೆದರಿದವಳಾಗುತ್ತಾಳೆ, ಅಷ್ಟರವರೆಗಿನ ಅವಳ ಎದೆಗಾರಿಕೆಗೆ ಅದು ಹೊಂದುವುದಿಲ್ಲ.

ಎಲ್ಲ ಜೋಡಿಗಳಿಗೂ ಸಮಯ ಇಲ್ಲದವರು ಗೆಡ್ಡಾ ಜೋಡಿಯಿಂದ ಶುರು ಮಾಡಿ. ಎರಡನೇ ಅಂಕದಲ್ಲಿ ಜೋಸೆ ನೇಪಥ್ಯದಿಂದ ವಾದ್ಯವಿಲ್ಲದೆ ಹಾಡುತ್ತಾ ಹತ್ತಿರವಾಗುವ ದ್ರಾಗೋನ್ (ಕುದುರೆ ಸಿಪಾಯಿ) ಹಾಡು, ಹೂವಿನ ಹಾಡು, ಕೊನೆಯ ದೃಶ್ಯ, ಈ ಮೂರೇ ತುಣುಕು ಸಾಕು. ಬೀಚಮ್ ಕೈಯಲ್ಲಿ ಆರ್ಕೆಸ್ಟ್ರಾ ಹಗುರ, ಗೆಡ್ಡಾ ಸಂಕೋಚದ ಸಿಪಾಯಿ. ಪ್ರೆತ್ರ್ ಬೆನ್ನಟ್ಟಿದಂತೆ ಓಡಿಸುತ್ತಾರೆ, ಕಾಲಾಸ್ ಎದುರಿಗಿದ್ದಾರೆ, ಅದೇ ಕಂಠ ಮೊದಲಿಂದಲೇ ಬಿಗಿದುಕೊಂಡಿದೆ.