ಮೇಗುತಿ ಗುಡ್ಡ ಹತ್ತಿದ ಮೇಲೆ ನಾನು ಇತಿಹಾಸ ಓದಿದ ಬಗೆ

ಪಿಯುಸಿಯಲ್ಲಿ ಇತಿಹಾಸವನ್ನು ನಾನು ಬರೀ ಬಾಯಿಪಾಠ ಮಾಡುತ್ತಿದ್ದೆ. ಇಸವಿಗಳ ಕೆಳಗೆ ಕೆಂಪು ಗೆರೆ, ಬೆಳಗಿನ ಜಾವ ಎದ್ದು ಗಟ್ಟಿಯಾಗಿ ಓದು. ಕಿರುಪರೀಕ್ಷೆಯಲ್ಲಿ ಇಮ್ಮಡಿ ಪುಲಕೇಶಿಯ ಸಾಧನೆಗಳ ಬಗ್ಗೆ ಎರಡು ಪುಟ ತುಂಬಿಸಿದ್ದೆ. ನಮ್ಮ ಸರ್ ಅಂಚಿನಲ್ಲಿ ಬರೆದದ್ದು ಇಷ್ಟೇ: "ಇದನ್ನೆಲ್ಲ ಹೇಳಿದವರು ಯಾರು?"

ಅದು ತಲೆಯಲ್ಲೇ ಕೂತಿತು. ದಸರಾ ರಜೆಯಲ್ಲಿ ಅಪ್ಪನ ಜೊತೆ ಐಹೊಳೆಗೆ ಹೋದೆ. ಗುಡ್ಡದ ಮೆಟ್ಟಿಲು ಹತ್ತಿದರೆ ಮೇಗುತಿ ಬಸದಿ; ಅದರ ಪೂರ್ವದ ಗೋಡೆಯಲ್ಲಿ ಪುಲಕೇಶಿಯನ್ನು ಹೊಗಳುವ ಶಾಸನ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಸಾಲುಗಳು ಒತ್ತೊತ್ತಾಗಿ ಕೂತಿವೆ. "ಓದಾಕ ಬರತೈತೇನವ್ವಾ?" ಎಂದರು ಕಾವಲಿಗಿದ್ದ ಅಜ್ಜ. ನನಗೆ ಒಂದಕ್ಷರವೂ ಹತ್ತಲಿಲ್ಲ. ಊರಿಗೆ ಬಂದು ಗ್ರಂಥಾಲಯದಲ್ಲಿ ಅನುವಾದ ಹುಡುಕಿದೆ. ಬರೆದವನು ರವಿಕೀರ್ತಿ, ತನ್ನನ್ನು ಕಾಳಿದಾಸ, ಭಾರವಿಗೆ ಸಮ ಎಂದುಕೊಂಡ ಕವಿ. ಪುಲಕೇಶಿಯೊಡನೆ ನಡೆದ ಯುದ್ಧದಲ್ಲಿ ತನ್ನ ಆನೆಗಳು ಬಿದ್ದದ್ದನ್ನು ಕಂಡು ಉತ್ತರದ ದೊರೆ ಹರ್ಷನ ಹರ್ಷವೇ ಭಯದಿಂದ ಕರಗಿತು ಎನ್ನುತ್ತಾನೆ. ಕಾಲ ಶಕ 556. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 634. ಆ ಇಸವಿಯನ್ನು ಮತ್ತೆಂದೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಆದರೆ ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದವನು, ಹೊಗಳದೆ ಇರುತ್ತಾನೆಯೇ? ಹರ್ಷನಿಂದಲೇ ಸತ್ಕಾರ ಪಡೆದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಹರ್ಷನಿಗೆ ಪುಲಕೇಶಿಯನ್ನು ಮಣಿಸಲಾಗಲಿಲ್ಲ ಎಂದೇ ಬರೆದಿದ್ದಾನೆ. ಎದುರು ಪಾಳೆಯದ ಸಾಕ್ಷಿಯೂ ಅದನ್ನೇ ಹೇಳಿದಾಗ ನನಗೆ ರೋಮಾಂಚನವಾಯಿತು. ಪಠ್ಯದ ಒಂದು ಸಾಲಿನ ಹಿಂದೆ ಇಷ್ಟು ವಾದ ಇರುತ್ತದೆಂದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅಂದಿನಿಂದ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದೆ. ಎಡಕ್ಕೆ ನಡೆದದ್ದು, ಬಲಕ್ಕೆ ಹೇಳಿದವರು. ಬಲಭಾಗ ಖಾಲಿ ಉಳಿದರೆ ಮರುದಿನ ಸರ್ ಹತ್ತಿರ ಹೋಗುತ್ತಿದ್ದೆ. ಐದು ಅಂಕದ ಉತ್ತರವನ್ನು ಆಧಾರದಿಂದಲೇ ಶುರು ಮಾಡುವುದು ಹೀಗೆ ರೂಢಿಯಾಯಿತು. ಏಕೀಕರಣದ ಸಮಿತಿ, ಆಯೋಗಗಳ ಹೆಸರುಗಳನ್ನು ಮಾತ್ರ ಉರು ಹೊಡೆದೇ ಕಲಿತೆ.

ನಕಾಶೆಗೆ ಮೊದಲು ನದಿಗಳನ್ನು ಎಳೆಯುತ್ತಿದ್ದೆ: ನರ್ಮದೆ, ಕೃಷ್ಣೆ, ಮಲಪ್ರಭೆ, ತುಂಗಭದ್ರೆ, ಕಾವೇರಿ. ಅಶೋಕನ ಶಾಸನ ಸಿಕ್ಕ ಮಸ್ಕಿಯನ್ನು ತುಂಗಭದ್ರೆಯ ಕೆಳಗೆ ಗುರುತಿಸಿ ನಾನೇ ಒಮ್ಮೆ ಅಂಕ ಕಳೆದುಕೊಂಡಿದ್ದೆ. ಅದು ಇರುವುದು ಕೃಷ್ಣೆ, ತುಂಗಭದ್ರೆಯರ ನಡುವೆ, ರಾಯಚೂರು ದೋಆಬಿನಲ್ಲಿ. ಹಂಪಿ ತುಂಗಭದ್ರೆಯ ದಕ್ಷಿಣ ದಡಕ್ಕೆ, ಬಹಮನಿಗಳು ಮೇಲಕ್ಕೆ, ನಡುವೆ ಆ ಫಲವತ್ತಾದ ನೆಲ. ಅಷ್ಟನ್ನು ಪೆನ್ಸಿಲಿನಲ್ಲಿ ಬಿಡಿಸಿದ ದಿನ ವಿಜಯನಗರ, ಬಹಮನಿಗಳ ಯುದ್ಧಕ್ಕೆ ಕಾರಣ ಬರೆಯಲು ನೋಟ್ಸ್ ತೆರೆಯಲೇ ಇಲ್ಲ.