ಕಲಾಶಾಲೆಯ ಹಳೇ ಕಡತ: ಮಳೆಗೆ ಮುಂಚೆ ಮಾಡಬೇಕಾದ್ದು

ಗಾಳಿಯ ತೇವಾಂಶ ಶೇ 65 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯುವ ಅಪಾಯ ಶುರು. ಮಡಿಕೇರಿ, ಭಾಗಮಂಡಲದ ಮಳೆಗಾಲದಲ್ಲಿ ಅದು ಅಷ್ಟಕ್ಕೆ ಇಳಿಯುವುದೇ ಅಪರೂಪ. ಹಾಗಾಗಿ ನೇಯ್ಗೆ, ಬೆತ್ತ, ಚಿತ್ರಕಲೆ ಕಲಿಸಿದ ಶಾಲೆಗಳ ಟ್ರಂಕು ಬಿಚ್ಚುವುದಿದ್ದರೆ ಕಾಫಿ ಕುಯ್ಲು ಮುಗಿದು, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವ ಮೊದಲೇ ಬಿಚ್ಚಿ.

ಮೊದಲ ದಿನ ಏನನ್ನೂ ವಿಂಗಡಿಸಬೇಡಿ. ಕಟ್ಟುಗಳು ಇದ್ದ ಹಾಗೆಯೇ ಫೋಟೊ ತೆಗೆದು, ಪ್ರತಿ ಹಾಳೆಯ ಹಿಂದಿನ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಸಂಖ್ಯೆ ಹಾಕಿ. ಹಾಜರಿ ಪುಸ್ತಕ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಎಂದು ಗುಡ್ಡೆ ಹಾಕಿದರೆ ಯಾವ ಪಾಠಕ್ಕೆ ಯಾವ ನಕ್ಷೆ ಎಂಬ ನಂಟು ಕಡಿಯುತ್ತದೆ. ಅದನ್ನು ಮತ್ತೆ ಕೂಡಿಸಲಾಗದು.

ಚಿಲ್ಲರೆ ಚೀಟಿಗಳನ್ನು ರದ್ದಿಗೆ ಹಾಕಲೇಬೇಡಿ. ಕಲಾಶಿಕ್ಷಣಕ್ಕೆ ಹೆಸರಾದ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ (1933–57) ಕಡ್ಡಾಯ ಪಠ್ಯವಿಷಯಗಳೇ ಇರಲಿಲ್ಲ. ಅಲ್ಲಿ ಪಾಠ ನಡೆದ ಬಗೆಯನ್ನು ನಾರ್ತ್ ಕೆರೊಲಿನಾದ ಸರ್ಕಾರಿ ಪತ್ರಾಗಾರದಲ್ಲಿ ಉಳಿದ ನಡಾವಳಿ, ಪತ್ರ, ವಿದ್ಯಾರ್ಥಿ ಕಡತಗಳಲ್ಲೇ ಹುಡುಕಬೇಕು. ನೂಲು ಕೊಂಡ ರಸೀದಿ, ಬೆತ್ತದ ಲೆಕ್ಕಕ್ಕೂ ಅಷ್ಟೇ ಬೆಲೆಯಿದೆ.

ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆದರೆ ಕಾಗದವೇ ಕಿತ್ತು ಬರುತ್ತದೆ. ಪಿನ್ನಿನ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಹಿಂಬದಿಯ ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಮುಂಬದಿಯಿಂದ ಮೆಲ್ಲಗೆ ಎತ್ತಿ. ಹರಿದದ್ದಕ್ಕೆ ಸೆಲ್ಲೊಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪುಸ್ತಕಕ್ಕೆ ಅಂಟಿಸಿದ ಬಟ್ಟೆಯ ಮಾದರಿಯನ್ನು ಕೀಳದೆ, ಎರಡೂ ಬದಿಗೆ ಆಮ್ಲರಹಿತ ತೆಳುಕಾಗದ ಇಡಿ. ಇಲ್ಲದಿದ್ದರೆ ಬಣ್ಣ ಎದುರಿನ ಪುಟಕ್ಕೆ ಇಳಿಯುತ್ತದೆ. ಇದ್ದಿಲ ಚಿತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಸ್ಥಿರವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಬ್ಲೂಪ್ರಿಂಟ್‌ಗೆ ಕ್ಷಾರ ಬೆರೆಸಿದ ಕಾಗದ ತಾಗಿದರೆ ನೀಲಿ ಮಾಸುತ್ತದೆ.

ಬೂಷ್ಟು ಹಸಿಯಿದ್ದಾಗ ಒರೆಸಿದರೆ ಕಾಗದದೊಳಕ್ಕೇ ಇಳಿಯುತ್ತದೆ. ನೆರಳಲ್ಲಿ, ಫ್ಯಾನ್ ಗಾಳಿ ನೇರ ಬೀಳದಂತೆ ಒಣಗಿಸಿ. ಪುಡಿಯಾದ ಮೇಲೆ ಎನ್-95 ಮಾಸ್ಕ್ ಹಾಕಿ, ಮನೆಯ ಹೊರಗೆ ಮೆದು ಕುಂಚದಿಂದ ತೆಗೆಯಿರಿ. ಪೂರ್ತಿ ನೆನೆದ ಕಟ್ಟು 48 ಗಂಟೆಯೊಳಗೆ ಒಣಗದಿದ್ದರೆ ಫ್ರೀಜರಿಗೆ ಹಾಕುವುದೇ ಕ್ಷೇಮ.

ಗಾಳಿಯಾಡದ ಡಬ್ಬಿಯಲ್ಲಷ್ಟೇ ತೇವ ಹೀರುವ ಸಿಲಿಕಾ ಜೆಲ್‌ ಹರಳಿನಿಂದ ಪ್ರಯೋಜನ. ಕಿತ್ತಳೆ ಹರಳು ಹಸಿರಾದರೆ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಕಾಯಿಸಿ ಮತ್ತೆ ಬಳಸಿ. ಡಬ್ಬಿಗಳು ನೆಲದಿಂದ ಅರ್ಧ ಅಡಿ ಮೇಲೆ, ಹೊರಗೋಡೆಗೆ ತಾಗದಂತಿರಲಿ. ಕಾಫಿ ಗೋದಾಮಿನಲ್ಲಿ ಮಾತ್ರ ಬೇಡ, ಮೂಟೆಗಳ ಜೊತೆ ಹುಳವೂ ಬರುತ್ತದೆ.

ಬರಹ 300, ಫೋಟೊ 600 ಡಿಪಿಐಗೆ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ) ಸ್ಕ್ಯಾನ್ ಆಗಲಿ, ಟಿಫ್ ಎಂಬ ಫೈಲ್ ರೂಪದಲ್ಲಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆ ನಮ್ಮದು. ಒಂದು ಪ್ರತಿಯನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇಡಿ.